ಮಿಂಚುಳ್ಳಿ ಕೂಗಿತು, ನನಗೆ ಕೇಳಲಿಲ್ಲ

ಮಕ್ಕಳೇ, ಕಳೆದ ತಿಂಗಳು ನಾನೊಂದು ಕೆಲಸ ಬಿಟ್ಟೆ. ಸಂಬಳದ ಕೆಲಸವಲ್ಲ, ಬ್ಯಾಂಕಿನ ಕೆಲಸ ಮುಗಿದು ಎಷ್ಟೋ ವರ್ಷವಾಯಿತು. ಇದು ನಮ್ಮೂರಿನ ಪುಟ್ಟ ಪರಿಸರ ಪತ್ರಿಕೆಯ ಸಂಪಾದಕನ ಕೆಲಸ. ಮೂರು ತಿಂಗಳಿಗೊಮ್ಮೆ ಎಂಟು ಪುಟ, ಹೆಚ್ಚೆಂದರೆ ಇನ್ನೂರು ಚಂದಾದಾರರು. ಕೆರೆಗೆ ಯಾವ ಹಕ್ಕಿ ಬಂತು, ಯಾವ ಬೀದಿಯ ಮರ ಕಡಿದರು, ಮೊದಲ ಮಳೆಗೆ ಕಪ್ಪೆ ಎಂದು ವಟಗುಟ್ಟಿತು, ಇಂಥವೇ ಸುದ್ದಿ. ಬರೆಯುವವರಲ್ಲಿ ಅರ್ಧದಷ್ಟು ಜನ ಶಾಲೆಯ ಮಕ್ಕಳು. ವಿಳಾಸ ಬರೆದು ಅಂಚೆಚೀಟಿ ಹಚ್ಚುವುದು ನಾನು ಮತ್ತು ನಮ್ಮ ಮನೆಯವರು.

“ಯಾಕೆ ಬಿಟ್ಟಿರಿ? ಆರೋಗ್ಯ ಸರಿಯಿಲ್ಲವೇ? ಯಾರ ಜೊತೆಗಾದರೂ ಮನಸ್ತಾಪವೇ?” ಎಂದು ಬಹಳ ಜನ ಕೇಳಿದರು. ಎರಡೂ ಅಲ್ಲ. ನಡೆದದ್ದನ್ನು ಹೇಳುತ್ತೇನೆ.

ಏಳನೇ ತರಗತಿಯ ಹುಡುಗನೊಬ್ಬ ಕೆರೆಯ ಮಿಂಚುಳ್ಳಿಯ ಬಗ್ಗೆ ಬರೆದು ಕಳಿಸಿದ್ದ. ಬೆನ್ನು ನೀಲಿ, ಹೊಟ್ಟೆ ಕಿತ್ತಳೆ ಬಣ್ಣದ ಪುಟ್ಟ ಮಿಂಚುಳ್ಳಿ. ಅದು ಏರಿಯ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುವುದನ್ನೂ ಬರೆದಿದ್ದ. ಕೊನೆಯಲ್ಲಿ, “ಹಕ್ಕಿ ಕಾಣುವ ಮೊದಲೇ ಅದರ ದನಿ ಬರುತ್ತದೆ. ಸೂಜಿಯಂತೆ ಸಣ್ಣಗೆ ಚೀ ಚೀ ಅನ್ನುತ್ತದೆ” ಎಂದಿದ್ದ.

ನಾನು ಆ ಎರಡು ವಾಕ್ಯ ಹೊಡೆದುಹಾಕಿದೆ. ಹಕ್ಕಿ ನೋಡುವ ಹುಚ್ಚು ನನಗೆ ಹತ್ತಿದ್ದೇ ನಿವೃತ್ತಿಯ ನಂತರ. ಆಮೇಲೆ ಅದೇ ಏರಿಯ ಮೇಲೆ ಎಷ್ಟೋ ಸಂಜೆ ಕೂತಿದ್ದೇನೆ. ಪುಟ್ಟ ಮಿಂಚುಳ್ಳಿ ಸದ್ದಿಲ್ಲದೆ ಬಾಣದ ಹಾಗೆ ಹೋಗುತ್ತದೆ, ಗಲಾಟೆ ಮಾಡುವುದು ಗದ್ದೆ ಮಿಂಚುಳ್ಳಿ, ಹುಡುಗ ಎರಡನ್ನೂ ಬೆರೆಸಿಬಿಟ್ಟಿದ್ದಾನೆ ಅಂದುಕೊಂಡೆ. ಪುಸ್ತಕ ತೆಗೆದು ನೋಡುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ದಸರಾ ರಜೆಗೆ ಮೊಮ್ಮಗಳು ಬಂದಳು. ಅವಳನ್ನು ಕೆರೆಗೆ ಕರೆದುಕೊಂಡು ಹೋದೆ. ಕೂತು ಹತ್ತು ನಿಮಿಷವಾಗಿರಲಿಲ್ಲ, “ತಾತ, ಯಾರೋ ಸೀಟಿ ಊದಿದರು” ಅಂದಳು. ನನಗೇನೂ ಕೇಳಲಿಲ್ಲ. “ಮತ್ತೆ ಊದಿದರು, ಅಗೋ!” ಎಂದು ಅವಳು ಕೈ ತೋರಿಸಿದ ಕಡೆ ನೀಲಿ ಗೆರೆಯೊಂದು ನೀರಿನ ಮೇಲೆ ಸರ‍್ರನೆ ಹೋಯಿತು.

ಹುಡುಗ ಸರಿಯಾಗಿಯೇ ಬರೆದಿದ್ದ. ಹಕ್ಕಿ ದಿನವೂ ಕೂಗುತ್ತಿತ್ತು. ಕೇಳದೆ ಹೋದದ್ದು ನನ್ನ ಕಿವಿಗೆ.

ಇದರ ಕಾರಣ ನೀವೂ ತಿಳಿದಿರಬೇಕು. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಸುರುಳಿಯೊಂದಿದೆ. ಅದರ ತುಂಬ ಸಾವಿರಾರು ಸೂಕ್ಷ್ಮ ರೋಮಕೋಶಗಳು. ಸಣ್ಣ ಕೀರಲು ದನಿಯನ್ನು ಹಿಡಿಯುವ ಕೋಶಗಳು ಸುರುಳಿಯ ಬಾಗಿಲಲ್ಲೇ ಇರುತ್ತವೆ. ವಯಸ್ಸಾದಂತೆ ಮೊದಲು ಸವೆಯುವುದು ಅವೇ; ಸವೆದರೆ ಮತ್ತೆ ಹುಟ್ಟುವುದಿಲ್ಲ. ಮಕ್ಕಳ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದು ಕೇಳಿಸುತ್ತದೆ. ನಮ್ಮ ವಯಸ್ಸಿನವರಿಗೆ ಆ ಮಿತಿ ಬಹಳ ಕೆಳಗೆ ಇಳಿದಿರುತ್ತದೆ. ಕಾಗೆ, ಕೋಗಿಲೆ ಚೆನ್ನಾಗಿಯೇ ಕೇಳುವುದರಿಂದ, ಏನೋ ಕಳೆದುಕೊಂಡಿದ್ದೇವೆಂದು ನಮಗೇ ಗೊತ್ತಾಗುವುದಿಲ್ಲ.

ಮರುದಿನ ಹುಡುಗನ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವನು ತಲೆ ಬಗ್ಗಿಸಿ, “ನೀವು ಹೊಡೆದಿದ್ರಲ್ಲ ಸಾರ್, ನನ್ನ ಕಿವಿಯೇ ಸರಿಯಿಲ್ಲವೇನೋ ಅಂದ್ಕೊಂಡೆ” ಅಂದ.

ಆ ರಾತ್ರಿ ನಿದ್ದೆ ಬರಲಿಲ್ಲ. ಬ್ಯಾಂಕಿನಲ್ಲಿ ಒಬ್ಬ ಬರೆದ ಲೆಕ್ಕವನ್ನು ಇನ್ನೊಬ್ಬ ನೋಡಿ ಇನಿಷಿಯಲ್ ಹಾಕಬೇಕಿತ್ತು. ತಪ್ಪಾದರೆ ಅಳಿಸುವಂತಿರಲಿಲ್ಲ, ಹಳೆಯದು ಓದಲು ಬರುವಂತೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕಿತ್ತು. ಪತ್ರಿಕೆಯಲ್ಲಿ ನನ್ನನ್ನು ನೋಡುವವರು ಯಾರೂ ಇರಲಿಲ್ಲ. ಬರೆಯುವವನೂ ನಾನೇ, ತಿದ್ದುವವನೂ ನಾನೇ. ಇನ್ನೆಷ್ಟು ಮಕ್ಕಳ ನಿಜವನ್ನು ಹೊಡೆದುಹಾಕಿದ್ದೇನೋ!

ಸಣ್ಣ ಪತ್ರಿಕೆ ಬದುಕುವುದೇ ಹಲವರ ಕಣ್ಣು ಕಿವಿಗಳಿಂದ. ಸಲೀಂ ಅಲಿಯವರ ಒಡನಾಡಿ ಜಫರ್ ಫತೇಹಲಿ ಎಂಬುವರಿದ್ದರು. ನಮ್ಮ ಬೆಂಗಳೂರಿನಲ್ಲೂ ನೆಲೆಸಿದ್ದ ಅವರು 2013ರಲ್ಲಿ ತೀರಿಕೊಂಡರು. 1960ರ ಹೊತ್ತಿಗೆ ಅವರು ಮುಂಬೈಯಲ್ಲಿ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಎಂಬ ಪತ್ರಿಕೆ ಶುರುಮಾಡಿದಾಗ ಅದು ಸೈಕ್ಲೋಸ್ಟೈಲ್ ಮಾಡಿದ ಕೆಲವೇ ಹಾಳೆ. ದೇಶದ ಮೂಲೆ ಮೂಲೆಯ ಸಾಮಾನ್ಯ ಜನ ತಾವು ಕಂಡ ಹಕ್ಕಿಯ ಬಗ್ಗೆ ಅದಕ್ಕೆ ಬರೆದರು. ನಾಲ್ಕು ದಶಕ ಅದನ್ನು ನಡೆಸಿದ ಅವರು ಇಳಿವಯಸ್ಸಿನಲ್ಲಿ ಬೇರೆಯವರ ಕೈಗೆ ಒಪ್ಪಿಸಿದರು. ಅಂಥವರೇ ಒಪ್ಪಿಸಿದ ಮೇಲೆ ನನ್ನದೇನು?

ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಡಂ ಒಪ್ಪಿಕೊಂಡರು. ವರ್ಗವಾದಾಗ ಚಾರ್ಜ್ ಕೊಡುವ ಹಾಗೆ ಚಂದಾದಾರರ ಪಟ್ಟಿ, ಖರ್ಚಿನ ಪುಸ್ತಕ, ಅಚ್ಚಾಗದೆ ಉಳಿದ ಪತ್ರಗಳ ಕಡತ ಎಲ್ಲವನ್ನೂ ಎಣಿಸಿ ಕೊಟ್ಟೆ. ಇನ್ನು ಮುಂದೆ ಅನುಮಾನ ಬಂದದ್ದನ್ನು ಹೊಡೆಯುವ ಮೊದಲು ಬರೆದವರನ್ನೇ ಕೇಳಬೇಕು ಎಂದು ಇಬ್ಬರೂ ಮಾತಾಡಿಕೊಂಡೆವು. ನನ್ನ ಕೊನೆಯ ಸಂಚಿಕೆಯಲ್ಲಿ ಸಂಪಾದಕೀಯದ ಜಾಗದಲ್ಲಿ ಆ ಹುಡುಗನ ಎರಡು ವಾಕ್ಯ ಹಾಕಿ, ಕೆಳಗೆ “ತಪ್ಪು ನನ್ನದು” ಎಂದು ಸಹಿ ಮಾಡಿದೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಈ ಭಾನುವಾರ ಮೊಮ್ಮಕ್ಕಳ ಜೊತೆ ಮರದ ಕೆಳಗೆ ಹತ್ತು ನಿಮಿಷ ಸುಮ್ಮನೆ ಕೂತುಕೊಳ್ಳಿ. ಇಬ್ಬರೂ ಕೇಳಿದ ಸದ್ದುಗಳ ಪಟ್ಟಿ ಬರೆದು ಹೋಲಿಸಿ. ಮಗುವಿನ ಪಟ್ಟಿ ಉದ್ದವಾಗಿದ್ದರೆ ನಂಬಿ.

ನಾನೀಗ ಆ ಪತ್ರಿಕೆಗೆ ಬರೆಯುವವರಲ್ಲಿ ಒಬ್ಬ. ಮೊನ್ನೆ ಗೀಜಗನ ಗೂಡಿನ ಬಗ್ಗೆ ಬರೆದು ಕಳಿಸಿದ್ದೆ. ಮೇಡಂ ವಾಪಸ್ ಕಳಿಸಿದ್ದಾರೆ: “ಯಾವ ದಿನ ನೋಡಿದ್ದು ಸಾರ್? ತಾರೀಖು ಹಾಕಿ ಕೊಡಿ.”