ಕಾಡಿನ ಕಾಲುದಾರಿಗೂ ಎಂಜಿನಿಯರಿಂಗ್ ಬೇಕು

2024ರ ಗಣರಾಜ್ಯೋತ್ಸವದ ರಜೆ ವಾರಾಂತ್ಯಕ್ಕೆ ಅಂಟಿಕೊಂಡೇ ಬಂದಿತ್ತು. ಆಗ ಕುಮಾರ ಪರ್ವತದ ಚಾರಣಕ್ಕೆ ಜನ ಜಾತ್ರೆಯಂತೆ ನುಗ್ಗಿದರು. ಸಾಲುಗಟ್ಟಿ ನಿಂತವರ ವಿಡಿಯೊಗಳು ಎಲ್ಲರ ಮೊಬೈಲ್‌ಗಳಲ್ಲೂ ಹರಿದಾಡಿದವು. ಅದರ ಬೆನ್ನಲ್ಲೇ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣಕ್ಕೆ ತಾತ್ಕಾಲಿಕ ತಡೆ ಬಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ ಬುಕಿಂಗ್ ವ್ಯವಸ್ಥೆ ಶುರುವಾಯಿತು. ಜೊತೆಗೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು.

‘ಬೆಟ್ಟ ಹತ್ತೋಕೂ ಟಿಕೆಟ್ಟಾ?’ ಎಂದು ನಮ್ಮ ವಯಸ್ಸಿನ ಹಲವರು ಗೊಣಗಿದರು. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಅದೂ ಒಂದು. ಅಂಥ ಜಾಗಕ್ಕೆ ಮಿತಿ ಇರಲೇಬೇಕು. ನನ್ನ ತಕರಾರು ಬೇರೆ. ಜನರನ್ನು ಎಣಿಸಿದ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ. ಅವರು ನಡೆಯುವ ದಾರಿ ಹೇಗಿದೆ ಎಂಬುದನ್ನೂ ನೋಡಬೇಕು.

ಲೆಕ್ಕ ಸುಲಭ. ಹತ್ತಿದವರು ಇಳಿಯಲೇಬೇಕು. 300 ಮಂದಿ ಒಂದೇ ದಾರಿಯಲ್ಲಿ ಹೋಗಿ ಬಂದರೆ ಆ ದಾರಿಯನ್ನು 600 ಸಲ ತುಳಿದಂತೆ. ನಾಲ್ಕು ವಾರಾಂತ್ಯಗಳೂ ಭರ್ತಿಯಾದರೆ ಎಂಟೇ ದಿನಗಳಲ್ಲಿ 4,800 ಸಲ. ಮೊದಲು ತರಗೆಲೆಯ ಹೊದಿಕೆ ಹೋಗುತ್ತದೆ. ಆಮೇಲೆ ಮಣ್ಣು ಅದುಮಿ, ಅದರೊಳಗಿನ ಗಾಳಿಯ ಸಂದುಗಳು ಮುಚ್ಚುತ್ತವೆ. ಮಳೆನೀರು ಇಂಗುವ ಬದಲು ಕಾಲುದಾರಿಯನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೇರು ಮೇಲೆದ್ದು ಕೊರಕಲು ಬೀಳುತ್ತದೆ. ಕೆಸರು, ಕಲ್ಲು ತಪ್ಪಿಸಲು ನಾವು ಪಕ್ಕದ ಹುಲ್ಲಿನ ಮೇಲೆ ಹೆಜ್ಜೆ ಇಡುತ್ತೇವೆ. ಒಂದಡಿಯ ದಾರಿ ಹತ್ತಡಿ ಆಗುವುದು ಹೀಗೆ. ತಿರುವುಗಳಿರುವಲ್ಲಿ ನೇರ ಇಳಿಯಲು ‘ಶಾರ್ಟ್‌ಕಟ್’ ಹೊಡೆಯುವವರು ನೀರಿಗೂ ಇನ್ನೊಂದು ಶಾರ್ಟ್‌ಕಟ್ ಮಾಡಿಕೊಡುತ್ತಾರೆ.

ಕಾಡಿನ ದಾರಿಯನ್ನು ಯಾರು ಹೆಚ್ಚು ಹಾಳು ಮಾಡುತ್ತಾರೆ? ನಡೆಯುವವರೇ, ಸೈಕಲ್ ಸವಾರರೇ, ಕುದುರೆ ಸವಾರರೇ? ಈ ಮೂವರೂ ಒಂದೇ ದಾರಿ ಬಳಸುವ ಅಮೆರಿಕದಲ್ಲಿ ಈ ಜಗಳ ಹಳೆಯದು. ಅಲ್ಲಿನ ಮೊಂಟಾನಾ ರಾಜ್ಯದ ಬೆಟ್ಟದ ದಾರಿಗಳಿಗೆ ನೀರು ಹಾಯಿಸಿ ವಿಲ್ಸನ್ ಮತ್ತು ಸೀನಿ ಎಂಬ ಸಂಶೋಧಕರು ನಡೆಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಒದ್ದೆ ದಾರಿಯಲ್ಲಿ ಚಕ್ರಗಳಿಗಿಂತ ಗೊರಸು ಮತ್ತು ಪಾದಗಳೇ ಹೆಚ್ಚು ಮಣ್ಣು ಸಡಿಲಿಸುತ್ತವೆ ಎಂಬುದು ಅವರು ಕಂಡುಕೊಂಡ ಅಂಶ. ಹಾಗೆಂದು ಶೋಲಾ ಕಾಡಿಗೆ ಸೈಕಲ್ ಬಿಡಿ ಎಂದು ನಾನು ಹೇಳುತ್ತಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಜಾರಿಸಿದರೆ ಟೈರ್ ಕೂಡ ಗೀರು ಎಳೆಯುತ್ತದೆ. ಸೈಕಲ್‌ಗೆ ಬೆಂಗಳೂರಿನ ತುರಹಳ್ಳಿಯಂಥ ಊರಂಚಿನ ಕಾಡಿನಲ್ಲಿ ಗುರುತು ಮಾಡಿದ ದಾರಿ ಸಾಕು. ಆದರೆ ‘ನಡೆದು ಹೋಗುವವರಿಂದ ಕಾಡಿಗೆ ಏನೂ ಆಗುವುದಿಲ್ಲ’ ಎಂಬ ನಮ್ಮ ಚಾರಣಿಗರ ಸಮಾಧಾನಕ್ಕೆ ಆಧಾರವಿಲ್ಲ.

ಹಾಗಾದರೆ ಏನು ಮಾಡಬೇಕು? ಸಿವಿಲ್ ಎಂಜಿನಿಯರಿಂಗ್ ಓದುವ ನನಗೆ ಇದರ ಉತ್ತರ ಪರಿಚಿತವೇ ಅನಿಸುತ್ತದೆ. ಮೂಲ ಸೂತ್ರ ಒಂದೇ: ನೀರು ದಾರಿಯನ್ನು ದಾಟಿ ಹೋಗಬೇಕು, ದಾರಿಯ ಮೇಲೆ ಹರಿಯಬಾರದು. ದಾರಿ ನಿರ್ಮಿಸುವವರಲ್ಲಿ ‘ಅರ್ಧದ ನಿಯಮ’ ಎಂಬುದೊಂದಿದೆ. ಗುಡ್ಡದ ಇಳಿಜಾರು ಶೇ 20 ಇದ್ದರೆ ದಾರಿಯ ಏರು ಶೇ 10 ಮೀರಬಾರದು. ಅಂದರೆ ಗುಡ್ಡವನ್ನು ನೆಟ್ಟಗೆ ಹತ್ತದೆ ಓರೆಯಾಗಿ ಬಳಸಿ ಹತ್ತಬೇಕು. ದಾರಿಯ ಹೊರ ಅಂಚು ತುಸು ತಗ್ಗಿರಬೇಕು. ಕಡಿದಾದ ಕಡೆ ಅಡ್ಡಲಾಗಿ, ಓರೆಯಾಗಿ ಕಲ್ಲಿನ ಸಾಲು ಹೂತರೆ ನೀರು ಪಕ್ಕಕ್ಕೆ ತಿರುಗುತ್ತದೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವ ಮಲೆನಾಡಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಎಂಜಿನಿಯರಿಂಗ್ ಎಂದಕೂಡಲೇ ಕೆಲವರಿಗೆ ಜೆಸಿಬಿ, ಕಾಂಕ್ರೀಟ್ ನೆನಪಾಗಿ ಭಯವಾಗುತ್ತದೆ. ಆ ಭಯ ಸುಳ್ಳಲ್ಲ. ಮಹಾರಾಷ್ಟ್ರದ ಮಾಥೇರಾನ್ ಗಿರಿಧಾಮಕ್ಕೆ ಪ್ರವಾಸಿಗರ ಕಾರು, ಬೈಕ್‌ಗಳಿಗೆ ಪ್ರವೇಶವಿಲ್ಲ. ಸವಾರಿಗೂ ಸರಕಿಗೂ ಕುದುರೆಗಳನ್ನು ಬಳಸುತ್ತಾರೆ. ಅಲ್ಲಿನ ಕೆಂಪು ಮಣ್ಣಿನ ರಸ್ತೆಗಳಿಗೆ ಪೇವರ್ ಬ್ಲಾಕ್ ಹಾಸಿದ ವಿಚಾರ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ನಮ್ಮ ಕಾಡಿಗೆ ಅದು ಬೇಡ. ಗುದ್ದಲಿ, ಹಾರೆ, ಅಲ್ಲೇ ಸಿಗುವ ಕಲ್ಲು ಮತ್ತು ನೀರಿನ ನಡೆ ಗೊತ್ತಿರುವ ಕೆಲಸಗಾರರು ಇದ್ದರೆ ಸಾಕು. ದಾರಿ ಚೆನ್ನಾದರೆ ಜನ ಹೆಚ್ಚಾಗುತ್ತಾರೆ ಎನ್ನುವವರಿಗೂ ಉತ್ತರವಿದೆ. ಅದಕ್ಕೇ 300ರ ಮಿತಿ ಇರುವುದು. ಮಣ್ಣು, ಇಳಿಜಾರು ನೋಡಿ ಕೆಲವು ದಾರಿಗಳಿಗೆ ಆ ಮಿತಿಯನ್ನು ಇನ್ನೂ ಇಳಿಸಲಿ. ದಾರಿಗೆ ವಿಶ್ರಾಂತಿ ಬೇಕಾದಾಗ ಮುಚ್ಚಲಿ.

ಇದರಲ್ಲಿ ನಮಗೂ ಒಂದು ಪಾತ್ರ ಇದೆ. ವಿಟಿಯು ವ್ಯಾಪ್ತಿಯ ನಾವೆಲ್ಲ ಪದವಿ ಮುಗಿಯುವುದರೊಳಗೆ 100 ಆ್ಯಕ್ಟಿವಿಟಿ ಪಾಯಿಂಟ್ ಗಳಿಸಬೇಕು. ಅದು ಎಷ್ಟೋ ಸಲ ಗಿಡ ನೆಟ್ಟು ಫೋಟೊ ತೆಗೆಸಿಕೊಂಡು, ವರದಿ ಬೈಂಡ್ ಮಾಡಿಸುವಲ್ಲಿಗೆ ಮುಗಿಯುತ್ತದೆ. ಸರ್ವೆ ಲ್ಯಾಬ್‌ನಲ್ಲಿ ಆಟೊ ಲೆವೆಲ್ ಹಿಡಿದು ಅಳೆಯುವುದೂ ಅದೇ ಕಾಲೇಜು ಮೈದಾನವನ್ನು, ನಮ್ಮ ಸೀನಿಯರ್‌ಗಳು ಅಳೆದ ಅದೇ ಬಿಂದುಗಳನ್ನು. ಬದಲಿಗೆ ಇಲಾಖೆಯ ಅನುಮತಿ ಪಡೆದು, ಸಿಬ್ಬಂದಿ ಜೊತೆಗೇ ಹೋಗಿ, ಒಂದು ಚಾರಣದ ದಾರಿಯ ಅಗಲ, ಆಳ, ಇಳಿಜಾರನ್ನು ಮಳೆಗಾಲಕ್ಕೆ ಮೊದಲೊಮ್ಮೆ, ನಂತರ ಒಮ್ಮೆ ಯಾಕೆ ಅಳೆಯಬಾರದು? ಟೇಪು, ಕೋಲು, ಹಗ್ಗ ಇದ್ದರೂ ನಡೆಯುತ್ತದೆ. ಎಲ್ಲಿ ಎಷ್ಟು ಸೆಂಟಿಮೀಟರ್ ಮಣ್ಣು ಹೋಯಿತು ಎಂಬ ಅಂಕಿ ಕೈಯಲ್ಲಿದ್ದರೆ ಎಲ್ಲಿ ಕಲ್ಲು ಹೂಳಬೇಕು, ಎಲ್ಲಿ ದಾರಿ ತಿರುಗಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಟಿಕೆಟ್ ಹಣದಲ್ಲಿ ಒಂದು ಪಾಲನ್ನು ದಾರಿಯ ದುರಸ್ತಿಗೇ ಮೀಸಲಿಟ್ಟರೆ ಕಾಡಂಚಿನ ಊರುಗಳ ಯುವಕರಿಗೆ ಗೈಡ್ ಕೆಲಸದ ಜೊತೆಗೆ ಇನ್ನೊಂದು ದುಡಿಮೆಯೂ ಸಿಗುತ್ತದೆ.

ಕಾಡಿನಲ್ಲಿ ಪ್ಲಾಸ್ಟಿಕ್ ಎಸೆಯಬಾರದು ಎಂಬುದು ನಮ್ಮಲ್ಲಿ ಈಗ ಬಹುತೇಕರಿಗೆ ಗೊತ್ತು. ಎಸೆದ ಬಾಟಲಿಯನ್ನು ನಾಳೆ ಯಾರಾದರೂ ಹೆಕ್ಕಬಹುದು, ಕೊಚ್ಚಿಹೋದ ಮಣ್ಣನ್ನು ಯಾರೂ ಹೊತ್ತು ತರಲಾರರು. ಮುಂದಿನ ಸಲ ಬುಕಿಂಗ್ ಸಿಕ್ಕು ಬೆಟ್ಟ ಹತ್ತುವಾಗ ಒಂದಿಷ್ಟು ಹೊತ್ತು ಕಾಲ ಕೆಳಗೂ ನೋಡೋಣ. ತಿರುವಿದ್ದಲ್ಲಿ ತಿರುಗಿಯೇ ಹೋಗೋಣ.