ಜೋಡಿ ಕೂಡದ ಪ್ಯಾನೆಲ್ಲು, ತೀರದ ಸಾಲ



ಬಲಿತ ಎತ್ತಿನ ಜೊತೆ ಎಳೆಗರುವನ್ನು ನೊಗಕ್ಕೆ ಕಟ್ಟಿದರೆ ನೇಗಿಲು ಸಾಗುವುದು ಕರುವಿನ ನಡಿಗೆಯಲ್ಲೇ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸೋಲಾರ್ ಪ್ಯಾನೆಲ್ಲು ಕೊಳ್ಳುವಾಗ ಇದೇ ಮಾತನ್ನು ಮರೆಯುತ್ತೇವೆ.

2019ರಲ್ಲಿ ಕೇಂದ್ರ ಸರ್ಕಾರ ಕುಸುಮ್ ಯೋಜನೆ ತಂದಿತು. ಆಮೇಲೆ ಸೋಲಾರ್ ಪಂಪ್‌ಸೆಟ್ಟು ನಮ್ಮ ಹೊಲಗಳಿಗೂ ಬಂತು. ಬರಲಿ, ನಡುರಾತ್ರಿ ಕರೆಂಟಿಗೆ ಕಾಯುವ ಕಾಟ ತಪ್ಪಲಿ. ಆದರೆ ನಾಲ್ಕು ವರ್ಷದ ಮೇಲೆ ಒಂದು ಪ್ಯಾನೆಲ್ಲು ಒಡೆದರೆ?

ನಮ್ಮೂರಿನಲ್ಲಿ ಹಾಗೇ ಆಯಿತು. ತಲಾ 335 ವ್ಯಾಟಿನ ಒಂಬತ್ತು ಪ್ಯಾನೆಲ್ಲು, ಒಂದೇ ಸಾಲಿನಲ್ಲಿ. ಒಂದು ಒಡೆಯಿತು. "ಆ ಅಳತೆ ಈಗ ಬರೋದಿಲ್ಲ, 540 ವ್ಯಾಟಿಂದು ಹಾಕ್ಸಿ, ನೀರು ಜಾಸ್ತಿ ಬರುತ್ತೆ" ಅಂದರು ಅಂಗಡಿಯವರು. ಆತ ಕೈಸಾಲ ಮಾಡಿ ತಂದು ಕಟ್ಟಿಸಿದ. ನೀರು ಹೆಚ್ಚುಕಡಿಮೆ ಮೊದಲಿದ್ದಷ್ಟೇ.

ಯಾಕೆ? ಹಳೆಯದು ಕೊಡುವುದು ಸುಮಾರು 9 ಆಂಪ್ಸು, ಹೊಸದು 13. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ ಸಾಲಿನಲ್ಲಿ ವೋಲ್ಟು ಕೂಡುತ್ತದೆ, ಆಂಪ್ಸು ಕೂಡುವುದಿಲ್ಲ. ಎಲ್ಲದರಲ್ಲೂ ಹರಿಯುವುದು ಒಂದೇ ಆಂಪ್ಸು. ಹಾಗಾಗಿ 540ರದ್ದು 400ರ ಆಸುಪಾಸಿಗೆ ನಿಂತಿತು. ನಮ್ಮ ರಾಗಿಯಲ್ಲಿ ಕಲ್ಲು ಕಂಡರೆ ಮಂಡಿಯವರು ತೂಕ ಮುರಿಯುತ್ತಾರೆ. ಕೆಲಸಕ್ಕೆ ಬಾರದ ಈ 140 ವ್ಯಾಟಿನ ದುಡ್ಡನ್ನು ಯಾರು ಮುರಿದುಕೊಟ್ಟರು?

ತಿರುಗಾಮುರುಗಾ ಮಾಡಿದರೆ ಇನ್ನೂ ಕೇಡು. 540ರ ಸಾಲಿಗೆ ಹಳೆಯ 335ರದ್ದೊಂದು ಸೇರಿಸಿದಿರಿ ಅನ್ನಿ. ಒಂದೋ ಇಡೀ ಸಾಲು 9 ಆಂಪ್ಸಿಗೆ ಇಳಿಯುತ್ತದೆ, ಇಲ್ಲವೇ ಆ ಪ್ಯಾನೆಲ್ಲಿನ ಡಯೋಡು ಕರೆಂಟನ್ನು ಅಡ್ಡದಾರಿಯಲ್ಲಿ ಕಳಿಸಿ ಅದು ದಂಡಕ್ಕೆ ಕೂರುತ್ತದೆ.

ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಕಟ್ಟುವ ಪದ್ಧತಿಯಲ್ಲಿ ಆಂಪ್ಸು ಕೂಡುತ್ತದೆ, ಬೇರೆಬೇರೆ ಇದ್ದರೂ ನಡೆಯುತ್ತದೆ. ಅಲ್ಲಿ ವೋಲ್ಟು ಸಮ ಇರಬೇಕು. 18 ವೋಲ್ಟಿನದನ್ನು 37 ವೋಲ್ಟಿನದರ ಜೊತೆ ಕಟ್ಟಿದರೆ ದೊಡ್ಡದರ ಅರ್ಧ ದುಡಿಮೆ ಹೋಯಿತು ಅಂತಲೇ ತಿಳಿಯಿರಿ.

ಇನ್ನೊಂದು ಎಚ್ಚರ. ಚಳಿಗಾಲದ ಬೆಳಿಗ್ಗೆ ಪ್ಯಾನೆಲ್ಲಿನ ವೋಲ್ಟು ಏರುತ್ತದೆ. ಸಾಲಿಗೆ ಒಂದು ಹೆಚ್ಚಿಗೆ ಸೇರಿಸಿ ಕಂಟ್ರೋಲರಿನ ಮಿತಿ ಮೀರಿದರೆ ಅದೇ ಸುಟ್ಟು ಹೋದೀತು.

ಪ್ಯಾನೆಲ್ಲಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಇದೆಲ್ಲ ಅಚ್ಚಾಗಿದೆ. ಇಂಗ್ಲಿಷ್ ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಐಎಂಪಿ ಅಂದರೆ ದುಡಿಯುವಾಗಿನ ಆಂಪ್ಸು, ವಿಎಂಪಿ ಅಂದರೆ ದುಡಿಯುವಾಗಿನ ವೋಲ್ಟು, ವಿಓಸಿ ಅಂದರೆ ಸುಮ್ಮನಿರುವಾಗಿನ ವೋಲ್ಟು. ಹಳೆಯ ಚೀಟಿಯನ್ನು ಬರೆದುಕೊಂಡೇ ಅಂಗಡಿಗೆ ಹೋಗಿ. ಬಿಲ್ಲಿನಲ್ಲಿ ವ್ಯಾಟಿನ ಜೊತೆ ಇವನ್ನೂ ಬರೆಸಿ.

ಸರ್ಕಾರವನ್ನು ನಾವು ಕೇಳುವುದಿಷ್ಟೇ: ಸಬ್ಸಿಡಿಯಲ್ಲಿ ಪಂಪ್‌ಸೆಟ್ಟು ಕೂರಿಸಿದವರು ಅದೇ ಅಳತೆಯ ಬದಲಿ ಪ್ಯಾನೆಲ್ಲನ್ನೂ ಒದಗಿಸಬೇಕು. ಬಿಸಿಲು ಬಿಟ್ಟಿ ಬರುತ್ತದೆ ನಿಜ, ಪ್ಯಾನೆಲ್ಲು ಬರುವುದು ನಮ್ಮ ಸಾಲದಲ್ಲಿ.