ತಲೆಯನ್ನು ಒತ್ತೆಯಿಡದ ಭಕ್ತಿ

ಕಿಟೆಲ್ ಎಂದರೆ ಕನ್ನಡಿಗರಿಗೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟು. ಮೋಗ್ಲಿಂಗ್ ಎಂದರೆ 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ. ಇಬ್ಬರೂ ಬಾಸೆಲ್ ಮಿಷನ್ನಿನ ಪಾದ್ರಿಗಳೆಂದು ಎಲ್ಲರಿಗೂ ಗೊತ್ತು. ಆದರೆ ಅದು ನಮಗೆ ವಿಳಾಸದಷ್ಟೇ ಮುಖ್ಯ. ಅವರ ಕೆಲಸವನ್ನು ಎತ್ತಿಟ್ಟುಕೊಂಡು ಅವರ ದೇವರನ್ನು ಸದ್ದಿಲ್ಲದೆ ಹೊರಗೆ ಕೂರಿಸುವುದು ನಮ್ಮ ಸಾರ್ವಜನಿಕ ನೆನಪಿನ ರೂಢಿ. ಚರ್ಚಿನ ಒಳಗೆ ನಡೆಯುವುದು ಇದರ ತಿರುಗುಮುರುಗು: ಅಲ್ಲಿ ಭಕ್ತಿ ಉಳಿಯುತ್ತದೆ, ಭಕ್ತರು ಎತ್ತಿದ ಪ್ರಶ್ನೆ, ಆಡಿದ ಜಗಳ ಮಾಯವಾಗುತ್ತದೆ. ಹೀಗಾಗಿ ಪೂರ್ಣ ಮನಸ್ಸಿನಿಂದ ದೇವರಿಗೆ ಒಪ್ಪಿಸಿಕೊಂಡ ಕ್ರೈಸ್ತ ಬದುಕು ಎಂದಾಗ ಹೊರಗಿನವರಿಗೆ ಕಾಣುವುದು ಮತಾಂಧತೆ, ಒಳಗಿನವರಿಗೆ ಕಾಣುವುದು ತಲೆಬಾಗಿದ ವಿಧೇಯತೆ. ಎರಡೂ ತಪ್ಪು ಎಂಬುದು ನನ್ನ ವಾದ. ಅಂಥ ಸಮರ್ಪಣೆ ಮನುಷ್ಯನನ್ನು ಉಳಿದ ಒಡೆಯರಿಂದ ಬಿಡಿಸುತ್ತದೆ, ಆ ಒಡೆಯರ ಸಾಲಿನಲ್ಲಿ ಚರ್ಚೂ ಇರುತ್ತದೆ. ಇದಕ್ಕೆ ಪುರಾವೆಯಾಗಿ ನಮ್ಮ ಮಲೆನಾಡಿನಲ್ಲೇ ಹುಟ್ಟಿದ ಒಬ್ಬ ಹೆಣ್ಣುಮಗಳ ಬದುಕಿದೆ. ಆಕೆಯನ್ನು ನಾವು ಮಹಾರಾಷ್ಟ್ರಕ್ಕೆ ಬಿಟ್ಟುಕೊಟ್ಟು ಸುಮ್ಮನಾಗಿದ್ದೇವೆ.

ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್‌ನಲ್ಲಿ, ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿ ಊರವರ ಸಿಟ್ಟಿಗೆ ಗುರಿಯಾದ ಆ ಪುರಾಣಿಕರು ಸಂಸಾರ ಸಮೇತ ತೀರ್ಥಕ್ಷೇತ್ರದಿಂದ ತೀರ್ಥಕ್ಷೇತ್ರಕ್ಕೆ ನಡೆದೇ ಅಲೆದರು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದದ್ದು ಅಣ್ಣ ಶ್ರೀನಿವಾಸ ಮತ್ತು ರಮಾ. 1878ರಲ್ಲಿ ಇಬ್ಬರೂ ಕಲ್ಕತ್ತೆ ಮುಟ್ಟಿದಾಗ ಅಲ್ಲಿನ ವಿದ್ವಾಂಸರು ಇಪ್ಪತ್ತರ ಆ ಹುಡುಗಿಯ ಸಂಸ್ಕೃತ ಕೇಳಿ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. ಮುಂದಿನ ಕತೆ ವೇಗದ್ದು. 1880ರಲ್ಲಿ ಜಾತಿ ಮೀರಿ ಬಂಗಾಳಿ ವಕೀಲ ಬಿಪಿನ್ ಬಿಹಾರಿಯವರೊಡನೆ ಮದುವೆ, ಎರಡು ವರ್ಷ ತುಂಬುವುದರೊಳಗೆ ವೈಧವ್ಯ, ಮಡಿಲಲ್ಲಿ ಮನೋರಮಾ ಎಂಬ ಕೂಸು, ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ, ಶಿಕ್ಷಣದ ಕುರಿತ ಹಂಟರ್ ಆಯೋಗದ ಎದುರು ಹೆಣ್ಣುಮಕ್ಕಳ ಪರ ಹೇಳಿಕೆ. ವೈದ್ಯಶಿಕ್ಷಣಕ್ಕೆಂದು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತ ಬಂದದ್ದರಿಂದ ಆ ದಾರಿ ಮುಚ್ಚಿತು. 1883ರ ಸೆಪ್ಟೆಂಬರ್‌ನಲ್ಲಿ ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಕನ್ಯಾಮಠದಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು.

ಸಾಮಾನ್ಯ ಲೆಕ್ಕಾಚಾರದಲ್ಲಿ ಕತೆ ಇಲ್ಲಿಗೆ ಮುಗಿಯಬೇಕಿತ್ತು. ಅನಾಥೆ ವಿಧವೆಗೆ ಆಸರೆ ಸಿಕ್ಕಿತು, ಆಕೆ ಕೃತಜ್ಞಳಾದಳು, ಹೇಳಿದಂತೆ ಕೇಳಿದಳು ಎಂದು. ವಾಂಟೇಜ್‌ನ ಸನ್ಯಾಸಿನಿಯರು ನಿರೀಕ್ಷಿಸಿದ್ದೂ ಅದನ್ನೇ. ಸಿಕ್ಕಿದ್ದು ಬೇರೆ. ಸಿಸ್ಟರ್ ಜೆರಾಲ್ಡಿನ್ ಮತ್ತು ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನ ಪ್ರಾಂಶುಪಾಲೆ ಡೊರೊಥಿಯಾ ಬೀಲ್ ಅವರೊಡನೆ ರಮಾಬಾಯಿ ನಡೆಸಿದ ಪತ್ರವ್ಯವಹಾರ ಇಂದಿಗೂ ಓದಲು ಸಿಗುತ್ತದೆ. ಹೊಸದಾಗಿ ಮತಕ್ಕೆ ಸೇರಿದ, ಅನ್ನ ಬಟ್ಟೆಗೂ ಆ ಮಠವನ್ನೇ ನೆಚ್ಚಿದ ಹೆಣ್ಣೊಬ್ಬಳು ಅದರಲ್ಲಿ ತ್ರಯೇಕತ್ವದ ಸಿದ್ಧಾಂತವನ್ನು ಪ್ರಶ್ನಿಸುತ್ತಾಳೆ, ಬೈಬಲಿನಲ್ಲಿ ಇದಕ್ಕೆ ಆಧಾರ ಎಲ್ಲಿದೆ ತೋರಿಸಿ ಎನ್ನುತ್ತಾಳೆ, ಒಂದೇ ಪಂಗಡಕ್ಕೆ ಎಲ್ಲ ಸತ್ಯವೂ ಗುತ್ತಿಗೆಯಾಗಿದೆ ಎಂಬುದನ್ನು ಒಪ್ಪುವುದಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಇರಬಹುದಾದರೆ ಸಂಸ್ಕೃತ ಯಾಕೆ ಬೇಡ ಎಂದು ಕೇಳುತ್ತಾಳೆ. ಗಂಡಸರಿಗೆ ಪಾಠ ಹೇಳಿದರೆ ಭಾರತದಲ್ಲಿ ಹೆಸರು ಕೆಡುತ್ತದೆ ಎಂದು ಬಿಷಪರು ತಡೆದಾಗ, ತಾನು ತನ್ನ ದೇಶದಲ್ಲೇ ಗಂಡಸರ ಸಭೆಗಳಲ್ಲಿ ಮಾತಾಡಿದವಳೆಂದು ನೆನಪಿಸುತ್ತಾಳೆ. ಒಂದು ಪುರೋಹಿತವರ್ಗದ ನೊಗ ಕಳಚಿ ಬಂದವಳು ಇನ್ನೊಂದಕ್ಕೆ ಕೊರಳೊಡ್ಡಲಾರೆ ಎಂಬುದು ಆ ಪತ್ರಗಳ ಒಟ್ಟು ಧಾಟಿ. ಜೊತೆಗೆ ಆಕೆ ಮಾಂಸ ಮುಟ್ಟಲಿಲ್ಲ, ಭಾರತದ ಉಡುಗೆ ಬಿಡಲಿಲ್ಲ. ಸನ್ಯಾಸಿನಿಯರು ಇದನ್ನು ಗರ್ವ ಎಂದರು. ಹಾಗೆ ಕರೆಯುವುದು ಸುಲಭವೂ ಆಗಿತ್ತು.

ಗರ್ವವೇ? ದೇವರು ಒಬ್ಬನೇ ಒಡೆಯ ಎಂದು ನಿಜವಾಗಿ ನಂಬಿದವರಿಗೆ ಬಿಷಪರ ಮಾತು ಕೊನೆಯ ಮಾತಾಗುವುದಿಲ್ಲ, ಉಪಕಾರದ ಋಣವೂ ಕೊನೆಯ ಮಾತಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದೆಂದು ಕೇಳಿದವನಿಗೆ ಯೇಸು ಹೇಳಿದ ಉತ್ತರದಲ್ಲಿ ಹೃದಯ, ಪ್ರಾಣ, ಶಕ್ತಿಯ ಜೊತೆಗೆ ಬುದ್ಧಿಯೂ ಸೇರಿದೆ. ದೇವರನ್ನು ಬುದ್ಧಿಯಿಂದಲೂ ಪ್ರೀತಿಸಬೇಕು ಎಂಬ ಆ ಷರತ್ತನ್ನು ನಮ್ಮ ಪ್ರವಚನಪೀಠಗಳು ಅವಸರದಲ್ಲಿ ದಾಟಿಹೋಗುತ್ತವೆ. ರಮಾಬಾಯಿ ದಾಟಲಿಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆಕೆಯ ಪ್ರಶ್ನೆಗಳು ಭಕ್ತಿಯನ್ನು ತೆಳುಮಾಡಲಿಲ್ಲ. ಇಷ್ಟೆಲ್ಲ ವಾದ ಮಾಡಿದ ಮೇಲೆ, ದೀಕ್ಷೆಯಾಗಿ ಸುಮಾರು ಎಂಟು ವರ್ಷ ಕಳೆದ ಮೇಲೆ, ತಾನು ಕ್ರಿಸ್ತನ ಧರ್ಮವನ್ನು ಕಂಡಿದ್ದೆನೇ ಹೊರತು ಕ್ರಿಸ್ತನನ್ನು ಕಂಡಿರಲಿಲ್ಲ ಎಂಬ ಅರಿವು ಅವರಿಗೆ ಬಂತು. 1907ರಲ್ಲಿ ಬರೆದ ಸಾಕ್ಷಿಕಥನದಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ಪ್ರಶ್ನೆ ಕೇಳದೆ ಸೇರಿದವರಿಗೆ ಇಂಥ ಎರಡನೆಯ ತಿರುವು ಬರುವುದು ಅಪರೂಪ. ಅವರು ಮೊದಲ ದಿನವೇ ಎಲ್ಲವನ್ನೂ ಒಪ್ಪಿಕೊಂಡು ಕೂತಿರುತ್ತಾರೆ.

ಈಗ ಗಟ್ಟಿ ಆಕ್ಷೇಪಕ್ಕೆ ಬರೋಣ. 1889ರ ಮಾರ್ಚ್‌ನಲ್ಲಿ ರಮಾಬಾಯಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ಹಣ ಅಮೆರಿಕದ ಬೆಂಬಲಿಗರದು. ಧರ್ಮದ ವಿಷಯದಲ್ಲಿ ಸಂಸ್ಥೆ ತಟಸ್ಥವಾಗಿರುತ್ತದೆ ಎಂಬ ಮಾತಿನ ಮೇಲೆ ರಾನಡೆ, ಭಾಂಡಾರ್ಕರ್ ಅಂಥ ಹಿಂದೂ ಸುಧಾರಕರು ಸಲಹಾ ಮಂಡಳಿಯಲ್ಲಿದ್ದರು. ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ತೆರೆದಿಡುತ್ತಿದ್ದರು, ಹುಡುಗಿಯರು ಬಂದು ಕೂರುತ್ತಿದ್ದರು. ತಿಲಕರ ‘ಕೇಸರಿ’ ಪತ್ರಿಕೆ ಇದನ್ನು ಮತಾಂತರದ ಬಲೆ ಎಂದಿತು. 1893ರಲ್ಲಿ ರಾನಡೆ, ಭಾಂಡಾರ್ಕರ್ ಹೊರಬಂದರು, ಪೋಷಕರು ಹಲವು ಹುಡುಗಿಯರನ್ನು ಕರೆದುಕೊಂಡು ಹೋದರು. ಈ ಟೀಕೆಯನ್ನು ಬರೀ ಸಂಪ್ರದಾಯವಾದಿಗಳ ಗದ್ದಲ ಎಂದು ತಳ್ಳಿಹಾಕುವುದು ಕ್ರೈಸ್ತ ಲೇಖಕರ ಚಾಳಿ. ಅದು ಸರಿಯಲ್ಲ. ಬೇರೆ ಸೂರೇ ಇಲ್ಲದ ಹುಡುಗಿಗೆ, ಸೂರು ಕೊಟ್ಟವರ ತೆರೆದ ಬಾಗಿಲು ಬರೀ ಬಾಗಿಲಾಗಿರುವುದಿಲ್ಲ. ಅದರಲ್ಲಿ ಒತ್ತಾಯವಿಲ್ಲದಿದ್ದರೂ ಒತ್ತಡವಿದೆ. ರಾನಡೆಯವರ ಬೇಸರಕ್ಕೆ ಕಾರಣವಿತ್ತು.

ಆದರೂ ಇದರ ಇನ್ನೊಂದು ಮಗ್ಗುಲನ್ನು ನೋಡದೆ ತೀರ್ಪು ಕೊಡಲಾಗದು. ತಟಸ್ಥತೆ ಎಂದರೆ ತಾನು ನಂಬಿದ್ದನ್ನು ಅಡಗಿಸಿಡುವುದು ಎಂಬ ಅರ್ಥದಲ್ಲಿ ರಮಾಬಾಯಿ ಅದನ್ನು ಒಪ್ಪಿಕೊಂಡಿರಲಿಲ್ಲ. ಸದನದ ಹುಡುಗಿಯರಿಗೆ ತಮ್ಮ ಮಡಿ ಮೈಲಿಗೆ, ಪೂಜೆ ಪುನಸ್ಕಾರ ನಡೆಸಿಕೊಳ್ಳುವ ಸ್ವಾತಂತ್ರ್ಯ ಇದ್ದೇ ಇತ್ತು. ತನಗೆ ಮಾತ್ರ ಆ ಸ್ವಾತಂತ್ರ್ಯ ಯಾಕಿಲ್ಲ ಎಂಬುದು ಅವರ ಪ್ರಶ್ನೆ. ಈ ಜಗಳದಲ್ಲಿ ಇಬ್ಬರ ಕಡೆಯೂ ಒಂದಿಷ್ಟು ನ್ಯಾಯವಿತ್ತು ಎನ್ನುವುದೇ ಪ್ರಾಮಾಣಿಕ ಉತ್ತರ. ನನ್ನ ಮಟ್ಟಿಗೆ ಮುಖ್ಯವಾದದ್ದು ಆಮೇಲೆ ನಡೆದದ್ದು: ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಆಶ್ರಮ ಕಟ್ಟಿದಾಗ ರಮಾಬಾಯಿ ಅರೆತೆರೆದ ಬಾಗಿಲಿನ ಏರ್ಪಾಡನ್ನೇ ಬಿಟ್ಟರು. ಇದು ಕ್ರೈಸ್ತ ಸಂಸ್ಥೆ ಎಂದು ಬಹಿರಂಗವಾಗಿ ಸಾರಿದರು. ಬೆಂಬಲಿಗರು ಕಳೆದುಹೋದರೆ ಹೋಗಲಿ ಎಂದರು. ಬರದಲ್ಲಿ ಬೀದಿಗೆ ಬಿದ್ದ ಮಕ್ಕಳು ಅಲ್ಲಿ ಕ್ರೈಸ್ತರಾಗಿ ಬೆಳೆದದ್ದು ಸರಿಯೇ ಎಂಬ ಪ್ರಶ್ನೆ ಅದರಿಂದ ಪೂರ್ತಿ ಬಗೆಹರಿಯುವುದಿಲ್ಲ, ಬಗೆಹರಿಯಿತೆಂದು ನಾನು ಹೇಳುವುದೂ ಇಲ್ಲ. ಆ ಮಕ್ಕಳನ್ನು ಬೇರೆ ಯಾರು ಎತ್ತಿಕೊಳ್ಳಲು ಬಂದಿದ್ದರು ಎಂಬ ಪ್ರಶ್ನೆಯೂ ಅದರ ಪಕ್ಕದಲ್ಲೇ ನಿಂತಿರುತ್ತದೆ.

1896ರ ಬರದಲ್ಲಿ ರಮಾಬಾಯಿ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. 1900ರ ಗುಜರಾತಿನ ಬರದ ಹೊತ್ತಿಗೆ ಮುಕ್ತಿಯಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದರು. ಬಾವಿ ತೋಡಿಸುವುದು, ಹೊಲ ತೋಟ, ಎಣ್ಣೆಗಾಣ, ಮಗ್ಗ, ಹೈನು, ಅಚ್ಚುಕೂಟ. ಕುರುಡರಿಗೆ ಒಂದು ಮನೆ, ಸಮಾಜ ಕೆಟ್ಟವರೆಂದು ಹೊರಹಾಕಿದ ಹೆಂಗಸರಿಗೆ ಇನ್ನೊಂದು ಮನೆ. ಇದನ್ನು ನಡೆಸುತ್ತಿದ್ದ ಹೊತ್ತಿನಲ್ಲೇ, 1897ರಲ್ಲಿ, ಪುಣೆಯ ಪ್ಲೇಗ್ ಆಸ್ಪತ್ರೆ ಮತ್ತು ಶಿಬಿರಗಳಲ್ಲಿ ಹೆಣ್ಣುಮಕ್ಕಳನ್ನು ನಡೆಸಿಕೊಂಡ ರೀತಿಯನ್ನು ಖಂಡಿಸಿ ಅವರು ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಬರೆದರು. ವಿಷಯ ಬ್ರಿಟಿಷ್ ಸಂಸತ್ತಿನವರೆಗೆ ಹೋಯಿತು, ಮುಂಬಯಿ ಸರ್ಕಾರ ಆರೋಪವನ್ನು ಅಲ್ಲಗಳೆಯಿತು. ಕ್ರೈಸ್ತಳಾದ್ದರಿಂದ ಬಿಳಿಯರ ಸರ್ಕಾರದ ಪರ ಎಂದು ಆಕೆಯನ್ನು ಆಡಿಕೊಂಡವರಿಗೆ ಆ ಪತ್ರ ಇರುಸುಮುರುಸು ತಂದಿರಬೇಕು. ಸನಾತನಿಗಳು, ಬಿಷಪರು, ಗವರ್ನರ್: ಮೂರೂ ಕಡೆಯವರನ್ನು ಎದುರು ಹಾಕಿಕೊಂಡ ವ್ಯಕ್ತಿಯ ಬೆನ್ನಿಗೆ ಯಾವ ಬಲವಿತ್ತು ಎಂದು ಕೇಳಿದರೆ ಆಕೆ ಕೊಟ್ಟ ಉತ್ತರ ಒಂದೇ: ದೇವರು. ಆ ಉತ್ತರವನ್ನು ನಂಬದವರೂ ಅದನ್ನು ದಾಖಲೆಯಿಂದ ತೆಗೆದುಹಾಕುವಂತಿಲ್ಲ.

ದೇವರ ಹೆಸರಿಲ್ಲದೆಯೂ ಇದೇ ಕೆಲಸ ಮಾಡಿದವರಿಲ್ಲವೇ? ಇದ್ದಾರೆ. ಧೋಂಡೋ ಕೇಶವ ಕರ್ವೆ 1896ರಲ್ಲಿ ವಿಧವೆಯರ ಆಶ್ರಮ ಕಟ್ಟಿದ್ದು ಯಾವ ಚರ್ಚಿನ ಬಲದಿಂದಲೂ ಅಲ್ಲ. ಅವರು ಮರುಮದುವೆಯಾದ ವಿಧವೆ ಗೋದೂಬಾಯಿ ಶಾರದಾ ಸದನದಲ್ಲಿ ಓದಿದವರು ಎಂಬುದು ಬೇರೆ ಮಾತು. ಸಾವಿತ್ರಿಬಾಯಿ, ಜೋತಿಬಾ ಫುಲೆಯವರು ಇನ್ನೂ ಮುಂಚಿನವರು, ಅವರ ದಾರಿ ಬೇರೆಯೇ. ಹಾಗಾಗಿ ಒಳ್ಳೆಯ ಕೆಲಸಕ್ಕೆ ಕ್ರೈಸ್ತ ಭಕ್ತಿಯೊಂದೇ ಹಾದಿ ಎಂದು ವಾದಿಸುವುದು ಮೂರ್ಖತನ. ನಾನು ಹೇಳುವುದು ಇಷ್ಟೇ: ಈ ಒಂದು ಬದುಕಿನಲ್ಲಿ ಪ್ರಾರ್ಥನೆಯನ್ನು ಕಿತ್ತು ಕೆಲಸವನ್ನು ಮಾತ್ರ ಇಟ್ಟುಕೊಳ್ಳಲು ಬರುವುದಿಲ್ಲ. 1905ರಲ್ಲಿ ಮುಕ್ತಿಯಲ್ಲಿ ಭಾರೀ ಉಜ್ಜೀವನ ಎದ್ದಿತು. ಹುಡುಗಿಯರು ಅಳುತ್ತ, ಗಟ್ಟಿಯಾಗಿ ಕೂಗುತ್ತ ಗಂಟೆಗಟ್ಟಲೆ ಪ್ರಾರ್ಥಿಸುತ್ತಿದ್ದರು. ವಿಚಾರವಂತ ಜೀವನಚರಿತ್ರೆಕಾರರಿಗೆ ಈ ಅಧ್ಯಾಯ ನುಂಗಲಾರದ ತುತ್ತು. ಉನ್ಮಾದದ ಅಪಾಯ ಅದರಲ್ಲಿ ಇರಲಿಲ್ಲವೆಂದಲ್ಲ. ಆದರೆ ಅದೇ ವರ್ಷಗಳಲ್ಲಿ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಹಳ್ಳಿಯ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ ತರುವ ಕೆಲಸದಲ್ಲಿ ತೊಡಗಿದ್ದರು. ಮೂಲದೊಡನೆ ಪದಪದವಾಗಿ ಗುದ್ದಾಡುವ ಪಾಂಡಿತ್ಯ ಮತ್ತು ಕಣ್ಣೀರಿನ ಪ್ರಾರ್ಥನೆ ಒಂದೇ ಅಂಗಳದಲ್ಲಿದ್ದವು. ಮಗಳು ಮನೋರಮಾ 1921ರಲ್ಲಿ ತೀರಿಕೊಂಡ ಮೇಲೂ ಆ ಕೆಲಸ ನಿಲ್ಲಲಿಲ್ಲ. 1922ರ ಏಪ್ರಿಲ್‌ನಲ್ಲಿ ಸಾಯುವ ಮುಂಚೆ ಅದನ್ನು ಮುಗಿಸಿದರು.

ಹಾಗಾದರೆ ಇವತ್ತಿನ ಕ್ರೈಸ್ತರ ಬದುಕಿಗೆ ಇದರಿಂದ ಏನು? ನಮ್ಮ ಸಭೆಗಳಲ್ಲಿ ಭಕ್ತಿಯ ಸದ್ದಿಗೆ ಕೊರತೆಯಿಲ್ಲ. ಉಪವಾಸ ಕೂಟ, ರಾತ್ರಿಪೂರ್ತಿ ಪ್ರಾರ್ಥನೆ, ಕೆಲಸಕ್ಕೆ ವೀಸಾಕ್ಕೆ ಹರಕೆಯಂಥ ಮೊರೆ. ಅದರ ಪಕ್ಕದಲ್ಲೇ ಜಾತಿ ನೋಡಿ ಸಂಬಂಧ ಬೆಳೆಸುವುದು, ಸಭೆಯ ಆಸ್ತಿಗಾಗಿ ಕೋರ್ಟು ಕಚೇರಿ ಅಲೆಯುವುದು, ಲೆಕ್ಕ ಕೇಳಿದವನನ್ನು ಅವಿಶ್ವಾಸಿ ಎನ್ನುವುದು. ಭಾನುವಾರದ ಹೃದಯ ದೇವರಿಗೆ, ಉಳಿದ ಆರು ದಿನದ ಬುದ್ಧಿ ಬೇರೆಯವರಿಗೆ ಎಂಬ ಪಾಲುಪಟ್ಟಿ ಇದು. ಸಭಾಪಾಲಕರನ್ನು ಪ್ರಶ್ನಿಸುವುದು ದೇವರನ್ನು ಪ್ರಶ್ನಿಸಿದಂತೆ ಎಂದು ಕಲಿಸುವ ಕಡೆಗಳಲ್ಲಿ ಸಮರ್ಪಣೆ ಎಂಬುದು ಒಬ್ಬ ಮನುಷ್ಯನಿಗೆ ಅಡ್ಡಬೀಳುವುದಾಗಿಬಿಟ್ಟಿದೆ. ವಾಂಟೇಜ್‌ನ ಆ ತಕರಾರಿನ ಪತ್ರಗಳನ್ನು ಕನ್ನಡಕ್ಕೆ ತಂದು ನಮ್ಮ ಯುವಜನ ಕೂಟಗಳಲ್ಲಿ ಓದಿಸಿದರೆ ಎಷ್ಟೋ ಪ್ರವಚನಗಳಿಗಿಂತ ಹೆಚ್ಚು ಪ್ರಯೋಜನವಾದೀತು.

ಇದೆಲ್ಲ ರಮಾಬಾಯಿಯಂಥ ಅಸಾಧಾರಣರಿಗೆ ಸರಿ, ಮನೆಸಾಲ, ಮಕ್ಕಳ ಫೀಸು ಎಂದು ಓಡಾಡುವವರಿಗೆ ಎಲ್ಲಿ ಸಾಧ್ಯ ಎಂಬ ಮಾತು ಬಂದೇ ಬರುತ್ತದೆ. ಈ ಆಕ್ಷೇಪ ಭಕ್ತಿಯನ್ನು ಸಾಧನೆಯ ಅಳತೆಗೋಲಿನಿಂದ ಅಳೆಯುತ್ತದೆ, ತೊಡಕು ಅಲ್ಲಿದೆ. ಮುಕ್ತಿಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು, ಗಾಣ ನಡೆಸಿದವರು, ನೂರಾರು ಬಾಯಿಗಳಿಗೆ ರೊಟ್ಟಿ ತಟ್ಟಿದವರು ಪಂಡಿತೆಯರೇನಲ್ಲ. ಬರಗಾಲ ಬಿಟ್ಟುಹೋದ ಮಕ್ಕಳು ಬೆಳೆದು ದೊಡ್ಡವರಾಗಿ ಮಾಡಿದ ಕೆಲಸ ಅದು. 1910ರ ದಶಕದಲ್ಲಿ ರಮಾಬಾಯಿ ನಿಜಾಮರ ಸೀಮೆಯಲ್ಲಿದ್ದ ನಮ್ಮ ಗುಲ್ಬರ್ಗದಲ್ಲಿ ಹುಡುಗಿಯರ ಶಾಲೆ ತೆರೆಸಿ ಮಗಳನ್ನು ಅದರ ಮುಖ್ಯಸ್ಥೆ ಮಾಡಿದಾಗಲೂ ಬೇಕಾದದ್ದು ದಿನಾ ಬೆಳಗ್ಗೆ ಹೊತ್ತಿಗೆ ಸರಿಯಾಗಿ ಬಂದು ಅಕ್ಷರ ತಿದ್ದಿಸುವವರೇ. ಮಾಡುವ ಕೆಲಸದ ಲೆಕ್ಕ ಸರಿ ಇಡುವುದಕ್ಕೆ, ಮನೆಗೆಲಸದವರಿಗೆ ನ್ಯಾಯವಾದ ಸಂಬಳ ಕೊಡುವುದಕ್ಕೆ, ಸಭೆಯ ಸಮಿತಿಯಲ್ಲಿ ಎದ್ದುನಿಂತು ಈ ಖರ್ಚಿಗೆ ರಸೀದಿ ಎಲ್ಲಿ ಎಂದು ಕೇಳುವುದಕ್ಕೆ ಯಾರೂ ಹೀಬ್ರೂ ಕಲಿಯಬೇಕಾಗಿಲ್ಲ.